ಗರಡಿಯ ಜೋಡಿ

ನಮ್ಮ ಗರಡಿಯಲ್ಲಿ ದಿನವೂ ಎದುರುಬದುರಾಗಿ ಕುಸ್ತಿ ಕಲಿಯುವ ಇಬ್ಬರನ್ನು ಜೋಡಿ ಎನ್ನುತ್ತಿದ್ದರು. ತೊಂಬತ್ತರ ದಶಕದ ನಡುವಿನ ಮಾತು. ನಮ್ಮದು ಕೊಟ್ಟೂರಿನಲ್ಲಿ ಹಿಟ್ಟಿನ ಗಿರಣಿ. ನನ್ನ ಜೋಡಿ ಅದೇ ಊರಿನ ಮೆಕ್ಯಾನಿಕ್ ಸಾಬರ ಮಗ. ಇಬ್ಬರಿಗೂ ಇಪ್ಪತ್ತು ದಾಟಿತ್ತು. ಎಷ್ಟು ತಿಕ್ಕಿ ತೊಳೆದರೂ ಅವನ ಕೈಯ ಗ್ರೀಸ್ ವಾಸನೆ ಹೋಗುತ್ತಿರಲಿಲ್ಲ.

ಒಮ್ಮೆ ಹೊಳಲು ಊರಿನ ಕುಸ್ತಿಯಲ್ಲಿ ಅವನು ಗೆದ್ದ, ನಾನು ಸೋತು ಕೈ ಉಳುಕಿಸಿಕೊಂಡೆ. ಟೆಂಪೋದ ಹಿಂದೆ ಕೂತು ನನ್ನ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡವನು ಊರು ಬಂದರೂ ಬಿಡಲಿಲ್ಲ.

"ಇಳಿಯೂಣು ನಡಿ," ಎಂದೆ.

"ನೋವು ಕಡಿಮಿ ಆತೇನು?"

"ಆತು."

"ಹಂಗಾರ ಬಿಡ್ತೀನಿ," ಎಂದ. ಬಿಡಲಿಲ್ಲ.

ಮುಂದೆ ನಾವಿಬ್ಬರೂ ಸದಾ ಜೊತೆಗೇ ಇದ್ದೆವು. ಯಾರೂ ಏನೂ ಕೇಳಲಿಲ್ಲ. ಜೋಡಿ ಎಂದರೆ ಜೊತೆಗಿರುವವರೇ ಎಂದು ಊರು ತಿಳಿದಿತ್ತು.

ಆಮೇಲೆ ನಮಗೆ ಕುಸ್ತಿ ಕಲಿಸುತ್ತಿದ್ದ ವಸ್ತಾದರು ಅವನನ್ನು ಕೊಲ್ಹಾಪುರದ ಒಂದು ದೊಡ್ಡ ಗರಡಿಗೆ ಸೇರಿಸಿದರು. "ಇಲ್ಲೇ ಇದ್ರ ಮೈಲಾರ, ಹಡಗಲಿ ಕುಸ್ತಿ ದಾಟಂಗಿಲ್ಲ ಇವ," ಎಂದರು. ನನ್ನನ್ನೂ ಕರೆದರು. ಅಪ್ಪ ತೀರಿಕೊಂಡಿದ್ದ, ಗಿರಣಿ ನಡೆಸಲು ಬೇರೆ ಯಾರೂ ಇರಲಿಲ್ಲ. ಅವನು ಹೊರಟ ದಿನ ನಾನು ಜೋಳ ಬೀಸುತ್ತಿದ್ದೆ. ಅಳು ಬರಬಹುದೆಂದು ಕಾದೆ, ಬರಲಿಲ್ಲ.

ಭಾನುವಾರ ಸಂಜೆ ಬಸ್‌ಸ್ಟ್ಯಾಂಡ್ ಹತ್ತಿರದ ಎಸ್‌ಟಿಡಿ ಬೂತಿಗೆ ಅವನು ಫೋನ್ ಮಾಡುತ್ತಿದ್ದ. ಮೊದಮೊದಲು ಬಾಯಿಗೆ ಕೈ ಅಡ್ಡ ಹಿಡಿದು ಪಿಸುಗುಡುತ್ತಿದ್ದೆವು. ಒಂದು ಕುಸ್ತಿಯಲ್ಲಿ ಪೆಟ್ಟು ತಿಂದು ಅವನ ಒಂದು ಕಿವಿ ಕೆಟ್ಟಿತು. ಇನ್ನೊಂದೂ ಮಂದವಾಯಿತು.

"ಕೇಳವಲ್ದು, ಜೋರಾಗಿ ಮಾತಾಡಲೇ," ಎನ್ನುತ್ತಿದ್ದ.

ಬೂತಿನ ಹೊರಗೆ ಜನ ಸಾಲಾಗಿ ನಿಂತಿರುತ್ತಿದ್ದರು. ಜೋರಾಗಿ ಹೇಳಬಹುದಾದ ಮಾತು ನನ್ನಲ್ಲಿ ಒಂದೇ ಇತ್ತು. "ಆರಾಮ ಅದೀನಿ," ಎಂದು ಕೂಗುತ್ತಿದ್ದೆ. ಕೆಲವು ತಿಂಗಳಲ್ಲಿ ಫೋನ್ ನಿಂತಿತು. ನಾನು ಮಾತ್ರ ಕೆಲವು ಭಾನುವಾರ ಹೋಗಿ ಕೂತು ಬಂದೆ.

ಗರಡಿಯಲ್ಲಿ ನನಗೆ ಬೇರೆ ಜೋಡಿ ಕೊಟ್ಟರು. ಆ ಹೊಸಬನನ್ನು ಹಿಡಿಯುವಾಗ ಹಿಟ್ಟಿನ ಚೀಲ ಎತ್ತಿದಂತಾಗುತ್ತಿತ್ತು. ಗರಡಿ ಬಿಟ್ಟೆ. ಅಕ್ಕ ಹರಪನಹಳ್ಳಿಯಿಂದ ಬಂದು, "ಹೆಣ್ಣು ನೋಡೂಣೇನು?" ಎಂದಳು.

"ಬ್ಯಾಡ."

"ಯಾಕಪಾ?"

"ಬ್ಯಾಡ." ಅವಳು ಮತ್ತೆ ಕೇಳಲಿಲ್ಲ. ನಾನು ಉಂಡೆ, ಗಿರಣಿ ನಡೆಸಿದೆ, ಮಲಗಿದೆ. ವರ್ಷಗಳು ಹೋದವು.

ಎರಡು ಸಾವಿರ ಇಸವಿ ದಾಟಿದ ಮೇಲೆ ಒಂದು ಮಧ್ಯಾಹ್ನ ಅವನು ಗಿರಣಿ ಬಾಗಿಲಲ್ಲಿ ನಿಂತಿದ್ದ. ಮೈ ಇಳಿದಿತ್ತು, ಕಿವಿ ಮುದುಡಿ ಗಂಟಾಗಿತ್ತು. ಮಷಿನ್ ಬಂದ್ ಮಾಡಿದೆ.

"ಕತ್ತಿಗೆ ಪೆಟ್ಟಾಗೈತಿ. ಕುಸ್ತಿ ಮುಗೀತು," ಎಂದ. "ಹಗರಿಬೊಮ್ಮನಹಳ್ಳಿಯಾಗ ಮಾಮನ ಗ್ಯಾರೇಜು ನೋಡ್ಕೊಂತೀನಿ."

"ಫೋನ್ ಯಾಕ ಬಿಟ್ಟಿ?"

ತುಟಿ ನೋಡಿ ಅರ್ಥ ಮಾಡಿಕೊಂಡ. "ನೀ ಆರಾಮ ಅದೀನಿ ಅಂತ ಒದರೋದು ಕೇಳಾಕ ಆಗಲಿಲ್ಲ."

ಎಷ್ಟೋ ವರ್ಷ ಕಾದ ಮುಖ ಎದುರಿಗಿತ್ತು. ಒಳಗೆ ಏನೂ ಅಲುಗಲಿಲ್ಲ. ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ನನಗ ಏನೂ ಅನಸವಲ್ದು," ಎಂದೆ.

"ಅನಸದಿದ್ರ ಇರ್ಲಿ. ನಾ ಬರ್ತಿರ್ತೀನಿ," ಎಂದು ಅವನು ಹೋದ.

ಹೇಳಿದಂತೆಯೇ ಗ್ಯಾರೇಜಿನ ರಜೆಯ ದಿನ ಬರುತ್ತಿದ್ದ. ರೊಟ್ಟಿ ತಿಂದು, ನನ್ನ ಮಂಚದ ಮೇಲೆ ಮಲಗೆದ್ದು ಹೋಗುತ್ತಿದ್ದ. ಏನನ್ನೂ ಕೇಳುತ್ತಿರಲಿಲ್ಲ. ಒಂದು ವಾರ ಚಿಗಟೇರಿಯಲ್ಲಿ ಟ್ರ್ಯಾಕ್ಟರ್ ರಿಪೇರಿಗೆ ಹೋಗಿ ತಡವಾಯಿತು. ನನಗೆ ಅದು ಗೊತ್ತಿರಲಿಲ್ಲ. ಗಿರಣಿಗೆ ಬಂದ ಹೆಂಗಸರನ್ನು ಹಾಗೇ ಬಿಟ್ಟು ರಸ್ತೆಗೆ ಬಂದು ನಿಂತಿದ್ದೆ. ಅವನು ಬಸ್ಸಿಳಿದಾಗ ಬೈದೆ.

"ಎಲ್ಲಿ ಸತ್ತಿದ್ದೆಲೇ?"

ಬೈಗುಳ ಪೂರ್ತಿ ಕೇಳಿಸಿತೋ ಇಲ್ಲವೋ, ನಗುತ್ತಿದ್ದ.

ಏನೂ ಅನಿಸದಂತೆ ಮನಸ್ಸಿಗೆ ಹಿಡಿದಿದ್ದ ಆ ಜೋಮು ಪೂರ್ತಿ ಬಿಟ್ಟಿತೆಂದು ಹೇಳಲಾರೆ. ಕೆಲವು ದಿನ ಈಗಲೂ ಅವನು ಪಕ್ಕದಲ್ಲಿದ್ದರೂ ದೂರದ ಊರಿನಲ್ಲಿರುವಂತೆ ಕಾಣುತ್ತಾನೆ. ಮರುವರ್ಷ ಅವನು ಗಿರಣಿಯ ಮಗ್ಗುಲಿಗೇ ಸ್ವಂತ ಗ್ಯಾರೇಜು ಹಾಕಿದ. ಮಧ್ಯಾಹ್ನ ಊಟಕ್ಕೆ ನಾನೇ ಹೋಗಿ ಭುಜ ಮುಟ್ಟಿ ಕರೆಯುತ್ತೇನೆ.