ಎರಡೂ ದಡಕ್ಕೆ ಒಂದೇ ನಂಬರು

ಮುರಗೋಡ ರಸ್ತೆಯ ಸೇತುವೆ ರಿಪೇರಿಯಲ್ಲಿತ್ತು. ಒಂದೇ ಗಾಡಿ ಹಾಯುವಷ್ಟು ದಾರಿ. ಎರಡೂ ತುದಿಗೆ ಗಾಲಿಯ ಮೇಲಿನ ಸಿಗ್ನಲ್ ತಂದರು. ಒಂದಕ್ಕೆ ಒಂದು, ಇನ್ನೊಂದಕ್ಕೆ ಎರಡು ಎಂದು ನಂಬರು ಕೊಟ್ಟರೆ ಅವು ಸರದಿಯಂತೆ ಹಸಿರಾಗುತ್ತಿದ್ದವು.

"ನಮ್ಮೂರ ಕಡೀದಕ್ಕ ಎರಡನೇ ನಂಬರ್ ಯಾಕೋ ತಮ್ಮಾ?" ನಮ್ಮ ಯಜಮಾನರು ಜಗಳ ತೆಗೆದರು. ಆಚೆ ಊರಿನವರೂ ಸೋಲಲಿಲ್ಲ. ಬೇಸತ್ತ ಸಿಗ್ನಲ್ ಫಿಟ್ಟರ್ ಎರಡಕ್ಕೂ ಒಂದನೇ ನಂಬರನ್ನೇ ಕೊಟ್ಟ.

ಎರಡೂ ಒಟ್ಟಿಗೆ ಹಸಿರಾದವು. ನಾವಿದ್ದ ಬಸ್ಸು ಸೇತುವೆ ಏರಿತು. ಎದುರಿಂದ ಕಬ್ಬಿನ ಟ್ರ್ಯಾಕ್ಟರೂ ಏರಿತು. ಪಕ್ಕಕ್ಕೆ ಕಟ್ಟೆಯಿಲ್ಲ, ಕೆಳಗೆ ಹಳ್ಳ. ಯಜಮಾನರು ಎಲ್ಲರೆದುರೇ ನನ್ನ ಕೈ ಹಿಡಿದರು. ಬಸ್ಸು ಜಾರುತ್ತ ಹೋಗಿ ಟ್ರ್ಯಾಕ್ಟರಿನ ಮೂತಿಯ ಮುಂದೆ ನಿಂತಿತು.

ಫಿಟ್ಟರ್ ಓಡಿ ಬಂದ. "ನಮ್ಮದಕ್ಕ ಎರಡ ಹಾಕೋ!" ಯಜಮಾನರು ಕಿಟಕಿಯಿಂದ ಕೂಗಿದರು.

"ಊರಿನ ಮರ್ಯಾದಿ ಏನಾತ್ರಿ?" ನಾನು ಕೆಣಕಿದೆ.

"ಹಳ್ಳಕ್ಕ ಬೀಳ್ಲಿ. ನೀ ಸುಮ್ಮ ಕುಂದರ," ಎಂದರು. ಕೈ ಮಾತ್ರ ಬಿಡಲಿಲ್ಲ.