ಬಸ್ಸು ತಪ್ಪಿದರೆ ಪಾಠವಿಲ್ಲ

ಎಂಬತ್ತರ ದಶಕದ ನಡುವಿನ ಮಾತು. ತುಮಕೂರಿನ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ಗಣಿತದ ಹಂಗಾಮಿ ಉಪನ್ಯಾಸಕಿಯಾಗಿದ್ದೆ. ಮನೆ ಕುಣಿಗಲ್‌ನಲ್ಲಿ. ದಿನವೂ ಹೆಬ್ಬೂರು, ಗೂಳೂರು ದಾಟಿ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಕ್ಯಾಲ್ಕುಲಸ್ ಪಾಠ ಮಾಡುವಾಗ ನನಗೆ ಯಾವ ಅಳುಕೂ ಇರಲಿಲ್ಲ. ಅಳುಕು ಶುರುವಾದದ್ದು ಪ್ರಿನ್ಸಿಪಾಲರು ಕರೆಸಿದ ದಿನ.

"ಕಂಪ್ಯೂಟರ್ ಸೈನ್ಸ್ ಹುಡುಗ್ರಿಗೆ ಡಿಸ್ಕ್ರೀಟ್ ಮ್ಯಾಥಮೆಟಿಕ್ಸ್ ಅಂತ ಹೊಸ ಪೇಪರ್ ಬಂದಿದೆಯಮ್ಮ. ನೀವೇ ತಗೊಳ್ಳಿ."

"ಸಾರ್, ನಾನು ಅದನ್ನ ಓದೇ ಇಲ್ಲ."

"ಯಾರು ಓದಿದಾರೆ? ಎಮ್ಮೆಸ್ಸಿ ಮಾಡಿದೀರಲ್ಲ, ಗಣಿತ ಅಂದ್ರೆ ಗಣಿತ. ಒಂದಿನ ನಾನೂ ಬಂದು ಕೂತ್ಕೋತೀನಿ."

ಕೊನೆಯ ಮಾತನ್ನು ಅವರು ಸಹಜವಾಗಿಯೇ ಆಡಿದ್ದರು. ಆದರೆ ವರ್ಷ ವರ್ಷವೂ ಅವರ ಸಹಿಯಿಂದಲೇ ನನ್ನ ಕೆಲಸ ಮುಂದುವರಿಯಬೇಕಿತ್ತು. ನನಗೆ ಆ ಮಾತು ಸಹಜವಾಗಿ ಕೇಳಿಸಲಿಲ್ಲ.

ಬೆಂಗಳೂರಿನ ಗೆಳತಿಯೊಬ್ಬಳು ಪುಸ್ತಕ ತಂದುಕೊಟ್ಟಳು. ನಾನು ಕಲಿತ ಗಣಿತ ಹೊಳೆಯ ಹಾಗೆ ಹರಿಯುವಂಥದು. ಇದರಲ್ಲಿ ಎಲ್ಲವೂ ಬಿಡಿಬಿಡಿ: ಗಣಗಳು, ಹೌದು-ಅಲ್ಲಗಳ ತರ್ಕ, ಗೆರೆ ಎಳೆದು ಜೋಡಿಸಿದ ಚುಕ್ಕಿಗಳು. ಒಂದೊಂದು ವಾಕ್ಯವೂ ಅರ್ಥವಾಗುತ್ತಿತ್ತು, ಎಲ್ಲ ಸೇರಿ ಏನು ಹೇಳುತ್ತಿವೆ ಎನ್ನುವುದು ಮಾತ್ರ ಕೈಗೆ ಸಿಗುತ್ತಿರಲಿಲ್ಲ. ಬಸ್ಸಿನಲ್ಲಿ ಓದಿಕೊಂಡದ್ದು ಕಾಲೇಜಿನ ಗೇಟಿನೊಳಗೆ ಕಾಲಿಡುವಷ್ಟರಲ್ಲಿ ಮರೆತುಹೋಗುತ್ತಿತ್ತು.

ವಿದ್ಯಾರ್ಥಿಗಳ ಪಾಡೂ ಹೆಚ್ಚುಕಡಿಮೆ ಅದೇ. ಕಾಲೇಜಿನ ಕಂಪ್ಯೂಟರನ್ನು ಏಸಿ ಹಾಕಿದ ಕೋಣೆಯೊಳಗೆ ಬೀಗ ಹಾಕಿ ಇಟ್ಟಿದ್ದರು. ವಿದ್ಯಾರ್ಥಿಗಳು ಅದನ್ನು ಗಾಜಿನಾಚೆಯಿಂದ ನೋಡಿದ್ದರಷ್ಟೆ. ಅದಕ್ಕೂ ನನ್ನ ಪಾಠಕ್ಕೂ ಏನು ಸಂಬಂಧವೆಂದು ಯಾರಾದರೂ ಕೇಳಿಬಿಟ್ಟರೆ ಎಂದು ನಾನು ದಿನವೂ ಹೆದರುತ್ತಿದ್ದೆ.

ಗಣಗಳ ಪಾಠ ಹೇಗೋ ದಾಟಿತು. 'ಹೀಗಾದರೆ ಹಾಗೆ' ಎಂಬ ವಾಕ್ಯಗಳ ತರ್ಕಕ್ಕೆ ಬಂದೆವು. ಯಾವ ಸಂದರ್ಭದಲ್ಲಿ ಇಂಥ ವಾಕ್ಯ ನಿಜ, ಯಾವಾಗ ಸುಳ್ಳು ಎಂಬ ಕೋಷ್ಟಕವನ್ನು ಬೋರ್ಡಿನ ಮೇಲೆ ಬರೆದೆ. ಕೊನೆಯ ಬೆಂಚಿನಿಂದ ಒಬ್ಬ ಎದ್ದು ನಿಂತ. ಗುಬ್ಬಿಯಿಂದ ರೈಲಿನಲ್ಲಿ ಬರುತ್ತಿದ್ದ ಉದ್ದನೆಯ ಹುಡುಗ. ಅವನು ಎದ್ದರೆ ನಾನು ಸೀಮೆಸುಣ್ಣ ಹುಡುಕತೊಡಗುತ್ತಿದ್ದೆ.

"ಮೇಡಂ, ಮೊದಲ್ನೇ ಮಾತೇ ಸುಳ್ಳು ಅಂದ್ಮೇಲೆ ಪೂರ್ತಿ ವಾಕ್ಯ ಹೆಂಗೆ ನಿಜ ಆಗುತ್ತೆ?"

"ಅದು ವ್ಯಾಖ್ಯೆ ಕಣಪ್ಪ."

"ಅಂದ್ರೆ ಬಾಯಿಪಾಠ ಮಾಡ್ಬೇಕಾ?"

ಅವನ ದನಿಯಲ್ಲಿ ಕುಚೋದ್ಯವೇನೂ ಇರಲಿಲ್ಲ. ನಾಳೆ ಹೇಳುತ್ತೇನೆ ಎಂದೆ.

ಮನೆಗೆ ಹೋಗುವ ದಾರಿಯುದ್ದಕ್ಕೂ ಪುಸ್ತಕ ತಿರುವಿದೆ. ಅದರಲ್ಲೂ ವ್ಯಾಖ್ಯೆ ಎಂದಷ್ಟೇ ಇತ್ತು. ಮಾರನೆಯ ಬೆಳಿಗ್ಗೆ ಕುಣಿಗಲ್ ಬಸ್‌ಸ್ಟ್ಯಾಂಡಿಗೆ ಬರುವ ಹೊತ್ತಿಗೆ ಬಸ್ಸು ಹೊರಟಿತ್ತು. ಓಡಿಹೋಗಿ ಹತ್ತಿದೆ. ಏದುಸಿರು ಬಿಡುತ್ತಾ ನಿಂತಾಗ, ತಪ್ಪಿದ್ದರೇ ಚೆನ್ನಾಗಿತ್ತು ಎನ್ನಿಸಿತು.

ತರಗತಿಗೆ ಹೋದರೆ ಕೊನೆಯ ಬೆಂಚಿನಲ್ಲಿ, ಆ ಗುಬ್ಬಿಯ ಹುಡುಗನ ಪಕ್ಕದಲ್ಲೇ, ಪ್ರಿನ್ಸಿಪಾಲರು ಕುಳಿತಿದ್ದರು. ಹಾಜರಿ ಕೂಗುವಾಗ ಒಂದೇ ಹೆಸರನ್ನು ಎರಡು ಸಲ ಕೂಗಿದೆ. ಮುಗಿಸಿದ್ದೇ ಅವನು ಎದ್ದ.

"ಮೇಡಂ, ನೆನ್ನೆದು..."

ಪ್ರಿನ್ಸಿಪಾಲರು ಕನ್ನಡಕ ಸರಿಮಾಡಿಕೊಂಡರು. ನನ್ನ ಬಾಯಿಗೆ ಬಂದದ್ದು ಆ ಬೆಳಗಿನ ಬಸ್ಸಿನ ಗಾಬರಿಯೊಂದೇ.

"ನಾಳೆ ಬಸ್ ತಪ್ಪಿದ್ರೆ ಪಾಠ ಇರಲ್ಲ ಅಂತ ನಾನು ನೆನ್ನೆ ಹೇಳಿದ್ದೆ ಅಂದ್ಕೊಳ್ಳಿ. ಇವತ್ತು ಬಸ್ ಸಿಕ್ತು, ಪಾಠ ನಡೀತಿದೆ. ನಾನು ಹೇಳಿದ್ದು ಸುಳ್ಳಾ?"

"ಇಲ್ಲ ಮೇಡಂ."

"ಬಸ್ ಸಿಕ್ತು, ಆದ್ರೆ ಜ್ವರ ಬಂದು ಪಾಠ ಮಾಡ್ಲಿಲ್ಲ. ಆಗ?"

ಅವನು ಯೋಚಿಸಿದ. "ಆಗ್ಲೂ ಸುಳ್ಳಲ್ಲ. ಬಸ್ ಸಿಕ್ಕಿದ್ರೆ ಏನು ಅಂತ ನೀವು ಹೇಳೇ ಇರ್ಲಿಲ್ವಲ್ಲ."

"ಮತ್ತೆ ಯಾವಾಗ ಸುಳ್ಳಾಗುತ್ತೆ?"

ಮುಂದಿನ ಬೆಂಚಿನ ಹುಡುಗಿಯೊಬ್ಬಳು ಮೆಲ್ಲಗೆ ಹೇಳಿದಳು. "ಬಸ್ ತಪ್ಪಿದ್ರೂ ಪಾಠ ನಡೆದ್ರೆ ಮಾತ್ರ."

ನಾನು ಬೋರ್ಡಿನ ಕಡೆ ತಿರುಗಿಬಿಟ್ಟೆ. ಮುಖ ಯಾರಿಗೂ ಕಾಣದಿದ್ದರೆ ಸಾಕಾಗಿತ್ತು. ಕೋಷ್ಟಕದ ಸಾಲುಗಳನ್ನು ಮತ್ತೆ ಬರೆದೆ. ಎಲ್ಲವೂ ಸರಿಯಾಗಿ ಕೂತವು.

ಗಂಟೆ ಹೊಡೆದಾಗ ಪ್ರಿನ್ಸಿಪಾಲರು ಒಂದು ಮಾತೂ ಆಡದೆ ಎದ್ದು ಹೋದರು. ಆ ಮೌನ ನನ್ನನ್ನು ಪ್ರಶ್ನೆಗಿಂತ ಹೆಚ್ಚು ಹೆದರಿಸಿತು. ಜವಾನ ಸ್ಟಾಫ್‌ರೂಮಿನ ಬಾಗಿಲಿಗೆ ಬಂದಾಗಲೆಲ್ಲ ಕರೆ ನನಗೇ ಎಂದುಕೊಳ್ಳುತ್ತಿದ್ದೆ. ವಾರ ಕಳೆದ ಮೇಲೆ ವರಾಂಡದಲ್ಲಿ ಅವರೇ ಎದುರಾದರು. ನಾನು ಗೋಡೆಗೆ ಸರಿದು ನಿಂತೆ.

"ಆ ಬಸ್ಸಿಂದು ಇನ್ನೊಂದ್ಸಲ ಹೇಳಿಯಮ್ಮ," ಎಂದರು, ದನಿ ತಗ್ಗಿಸಿ. "ಕೊನೇ ಸಾಲು ನಂಗೆ ತಲೆಗೆ ಹತ್ಲಿಲ್ಲ."

ಅವರಿಗೂ ಹೇಳಿಕೊಟ್ಟೆ. ಕೆಲಸದ ಭಯ ಅಲ್ಲಿಗೆ ಕಡಿಮೆಯಾಯಿತು. ಆದರೆ ಪರೀಕ್ಷೆ ಬಾಕಿಯಿತ್ತು. ಹೊಸ ಪೇಪರು, ಏನು ಕೇಳುತ್ತಾರೆಂದು ಹೇಳಲು ಹಳೆಯ ಪ್ರಶ್ನೆಪತ್ರಿಕೆಯೇ ಇರಲಿಲ್ಲ. ಹೊತ್ತು ಸಾಲದೆ, ಧೈರ್ಯವೂ ಸಾಲದೆ, ಚುಕ್ಕಿ-ಗೆರೆಗಳ ಒಂದು ಅಧ್ಯಾಯವನ್ನು ನಾನು ಬಿಟ್ಟಿದ್ದೆ. ಪರೀಕ್ಷೆಯ ದಿನ ಹಾಲ್‌ನ ಹೊರಗೆ ಕಾದು ನಿಂತೆ. ಮೊದಲು ಹೊರಬಂದವನು ಗುಬ್ಬಿಯ ಹುಡುಗ. ಪ್ರಶ್ನೆಪತ್ರಿಕೆ ಕೈಗೆ ಕೊಟ್ಟ. ನೋಡಿದರೆ ಮೊದಲ ಪ್ರಶ್ನೆಯೇ ಆ ಅಧ್ಯಾಯದ್ದು. ಅಲ್ಲೇ ಮೆಟ್ಟಿಲ ಮೇಲೆ ಕುಳಿತೆ.

"ಇದನ್ನ ನಾನು ಮಾಡ್ಸೇ ಇಲ್ವಲ್ಲಪ್ಪ."

"ಅದು ಬಿಟ್ಟೆ ಮೇಡಂ. ಚಾಯ್ಸ್ ಇತ್ತು, ಬೇರೇವು ಬರ್ದಿದೀನಿ." ಸ್ವಲ್ಪ ತಡೆದು ಕೇಳಿದ, "ನೀವ್ಯಾಕೆ ಹಿಂಗೆ ಬೆವ್ತಿದೀರಾ? ಪರೀಕ್ಷೆ ನಮ್ದಲ್ವಾ?"

ಅವನು ಪಾಸಾದ. ಕೆಲವರು ಆಗಲಿಲ್ಲ, ಆ ಮುಂದಿನ ಬೆಂಚಿನ ಹುಡುಗಿಯೂ ಸೇರಿ. ಪಟ್ಟಿ ಹಾಕಿದ ದಿನ ಅವಳು ನನ್ನನ್ನು ನೋಡಿ ನಕ್ಕಳು, ನನಗೆ ನಗಲಾಗಲಿಲ್ಲ. ಮರುವರ್ಷವೂ ಆ ಪೇಪರು ನನಗೇ ಬಂತು. ಬಿಟ್ಟಿದ್ದ ಅಧ್ಯಾಯವನ್ನು ಕಲಿಯಲು ರಜೆಯಲ್ಲಿ ಕೂತೆ. ಮೊದಲ ಪುಟ ತೆರೆದಾಗಲೇ ಹಳೆಯ ಅಳುಕು ಮತ್ತೆ ಬಂತು. ಈ ಸಲ ಒಂದು ಪುಟವನ್ನೂ ಹಾರಿಸದೆ ಓದುತ್ತಾ ಹೋದೆ.