ನಾಲ್ಕನೆಯ ಬೂಚು

ದೆವ್ವ, ಪವಾಡ ಎಂದು ಯಾರಾದರೂ ಬಾಯಿ ತೆರೆದರೆ ಅವರು ಎದ್ದು ಹೋಗುವವರೆಗೂ ಗೇಲಿ ಮಾಡುತ್ತಿದ್ದವನು ನಾನು. ಕೇಶ್ವಾಪುರದಲ್ಲಿ ನನ್ನದೊಂದು ಬಡಗಿ ಅಂಗಡಿ. ಕಟ್ಟಿಗೆ ನಂಬುತ್ತೇನೆ, ಅಳತೆಪಟ್ಟಿ ನಂಬುತ್ತೇನೆ, ಉಳಿದದ್ದೆಲ್ಲ ಹೊತ್ತು ಹೋಗದವರ ಹರಟೆ ಎನ್ನುತ್ತಿದ್ದೆ. ಈಗ ಹೇಳಹೊರಟಿರುವುದನ್ನು ನೀವು ನಂಬಲೇಬೇಕೆಂಬ ಹಟ ನನಗಿಲ್ಲ. ಆದರೆ ಇದರಲ್ಲಿ ನಾನು ಹೇಳಿದ ಒಂದು ಸುಳ್ಳಿದೆ, ಅದನ್ನಂತೂ ನಂಬಿರಿ.

ನನಗೆ ಉಳಿ ಹಿಡಿಯಲು ಕಲಿಸಿದವರು ನವನಗರದ ಕಾಕಾ. ರಕ್ತಸಂಬಂಧವೇನಿಲ್ಲ, ಎಲ್ಲರಿಗೂ ಅವರು ಕಾಕಾ. ಹಡಗಿನಲ್ಲಿ ಬಡಗಿಯಾಗಿ ದುಡಿದು, ನಿವೃತ್ತರಾಗಿ ಊರು ಸೇರಿದ್ದರು. ನೀರಿನ ಹುಚ್ಚು ಬಿಡಬೇಕಲ್ಲ! ನನ್ನನ್ನೇ ಜೊತೆಗಿಟ್ಟುಕೊಂಡು ಒಂದು ಸಣ್ಣ ಹಾಯಿದೋಣಿ ಕಟ್ಟಿದರು. ಸಮುದ್ರವಿಲ್ಲದ ಊರಿನಲ್ಲಿ ಹಾಯಿದೋಣಿಯೇ ಎಂದು ಜನ ನಕ್ಕರು. ನಾವು ಪ್ರತಿ ರವಿವಾರ ಕೆರೆಗೆ ಹೋಗುತ್ತಿದ್ದೆವು.

ತೊಂಬತ್ತೆಂಟರಲ್ಲಿ ಕಾಕಾಗೆ ಲಕ್ವಾ ಹೊಡೆದು ಬಲಗೈ ಹೋಯಿತು. ಆಮೇಲೆ ಹಾಯಿಯ ಹಗ್ಗ, ಚುಕ್ಕಾಣಿ ಎರಡೂ ನನ್ನ ಕೈಗೆ ಬಂದವು. ಅವರು ಮುಂದೆ ಕುಳಿತು ಬೈಯುತ್ತಿದ್ದರು. ಒಂದು ದಿನ ನಾಲ್ಕು ಬೂಚು ಮಾಡಿಕೊಂಡು ಬಾ ಎಂದರು. ದೋಣಿಗೆ ತೂತು ಬಿದ್ದರೆ ಬಟ್ಟೆ ಸುತ್ತಿ ಬಡಿಯುವ, ಒಂದು ತುದಿ ಚೂಪಾದ ಕಟ್ಟಿಗೆಯ ತುಂಡುಗಳು ಅವು.

"ಬೂರುಗದ ಕಟ್ಟಿಗೀನ ಆಗಬೇಕು ನೋಡು ತಮ್ಮಾ. ಮೆತ್ತಗ ಇರತೈತಿ, ನೀರು ಕುಡದು ಉಬ್ಬತೈತಿ, ತೂತು ಗಟ್ಟಿ ಹಿಡಕೋತೈತಿ. ಸಾಗವಾನಿ ಬಡದ್ಯೋ, ಹಲಗೀನ ಸೀಳತೈತಿ," ಎಂದು ಎರಡೆರಡು ಸಲ ಹೇಳಿದರು.

ಆಗ ನನ್ನ ಅಂಗಡಿಯಲ್ಲಿ ದೇಶಪಾಂಡೆ ನಗರದ ಒಂದು ಮದುವೆಯ ಮಂಚದ ಕೆಲಸ ನಡೆದಿತ್ತು. ಕಡೆಯುವಾಗ ಕೆಟ್ಟ ಸಾಗವಾನಿ ಕಾಲೊಂದು ಮೂಲೆಯಲ್ಲಿ ಬಿದ್ದಿತ್ತು. ಬೂರುಗ ಹುಡುಕಿಕೊಂಡು ಕಟ್ಟಿಗೆ ಅಡ್ಡೆಗೆ ಯಾರು ಹೋಗಬೇಕು? ಅದೂ ಅಲ್ಲದೆ, ನಮ್ಮ ಕಸುಬಿನಲ್ಲಿ ಬೂರುಗ ಮುಟ್ಟುವುದೆಂದರೆ ಹಣ್ಣು ತುಂಬುವ ಖೋಕಾ ಪೆಟ್ಟಿಗೆ ಮಾಡುವವರ ಕೆಲಸ ಎಂಬ ಜಂಬ ಬೇರೆ. ಆ ಒಂದೇ ಕಾಲನ್ನು ನಾಲ್ಕು ತುಂಡು ಮಾಡಿ ಬೂಚು ಕೆತ್ತಿದೆ. ಗುರುತಿಗೆಂದು ಒಂದು, ಎರಡು, ಮೂರು, ನಾಲ್ಕು ಗೀರು ಹಾಕಿದೆ. ನಾಲ್ಕನೆಯದರ ಕೊನೆಯ ಗೀರಿಗೆ ಉಳಿ ಜಾರಿ ಸೊಟ್ಟಗಾಯಿತು. ಕಟ್ಟಿಗೆಯ ಗುಟ್ಟು ಬಯಲಾಗದಿರಲೆಂದು ನಾಲ್ಕಕ್ಕೂ ಕೆಂಪು ಬಣ್ಣ ಬಳಿದೆ.

"ಬೂರುಗದ್ದ ಹೌದಿಲ್ಲೋ?" ಎಂದು ಕೇಳಿದರು ಕಾಕಾ.

"ಹೌದ್ರಿ ಕಾಕಾ," ಎಂದೆ.

ಅವರು ಒಂದೊಂದನ್ನೇ ಎಡಗೈಯಲ್ಲಿ ತೂಗಿ ನೋಡಿದರು. ನಾಲ್ಕನೆಯದನ್ನು ಸ್ವಲ್ಪ ಹೆಚ್ಚು ಹೊತ್ತು ಹಿಡಿದುಕೊಂಡರು. "ಆತು, ದೋಣಿ ಪೆಟ್ಟಿಗ್ಯಾಗ ಇಡು," ಎಂದರು, ಅಷ್ಟೇ. ಜೀವನವಿಡೀ ಕಟ್ಟಿಗೆ ಮುಟ್ಟಿದವರಿಗೆ ಸಾಗವಾನಿಯ ಭಾರ ತಿಳಿಯದೆ ಇದ್ದೀತೇ? ಅವತ್ತು ನನಗೆ ಮುಖ ಎತ್ತಲಾಗಲಿಲ್ಲ. ಆದರೂ ಬದಲಿಸಿ ಕೊಡುತ್ತೇನೆ ಎನ್ನಲಿಲ್ಲ.

ಮುಂದಿನ ಚಳಿಗಾಲದಲ್ಲಿ ಕಾಕಾ ನಿದ್ದೆಯಲ್ಲೇ ತೀರಿಕೊಂಡರು. ವರ್ಷ ತುಂಬಿದ ಮರುದಿನ ಅವರ ಹೆಂಡತಿ, ಕಾಕು, ನನ್ನನ್ನು ಕರೆದು, "ಅವರು ಇದ್ದಾಗ ನಾ ಒಮ್ಮೆನೂ ದೋಣಿ ಹತ್ತಲಿಲ್ಲ, ಅಂಜತಿದ್ದೆ. ಒಂದು ಸುತ್ತು ಹಾಕಿಸ್ಕೊಂಡು ಬಾರಪಾ," ಎಂದರು. ಕಾಕುಗೆ ಈಜು ಬರದು. ಪೆಟ್ಟಿಗೆಯಲ್ಲಿರುವ ಬೂಚುಗಳು ಎಂಥವು ಎಂಬುದು ಆ ಕ್ಷಣವೇ ನೆನಪಾಯಿತು. ಒಂದು ಸುತ್ತು ತಾನೇ, ಏನಾಗುತ್ತದೆ ಎಂದುಕೊಂಡು ಸುಮ್ಮನಾದೆ.

ಬೆಳಗಿನ ಹೊತ್ತು. ಗಾಳಿ ಹದವಾಗಿತ್ತು. ನಡುಗೆರೆ ದಾಟುವಾಗ ನೀರೊಳಗಿನ ಜಾಲಿ ಕೊರಡು ದೋಣಿಯ ತಳಕ್ಕೆ ಬಡಿಯಿತು. ಹಲಗೆಯಲ್ಲಿದ್ದ ಮರದ ಗಂಟೊಂದು ಕಿತ್ತು ಉದುರಿತು. ರೂಪಾಯಿ ಬಿಲ್ಲೆಯಗಲದ ದುಂಡನೆಯ ತೂತಿನಿಂದ ನೀರು ಚಿಮ್ಮಿ ಬರತೊಡಗಿತು. ನನ್ನ ಟವೆಲ್ ಹರಿದು ಮೊದಲನೆಯ ಬೂಚಿಗೆ ಸುತ್ತಿ ಬಡಿದೆ. ಜಾರಿ ಮೇಲೆ ಬಂತು. ಎರಡನೆಯದೂ ಹಾಗೆಯೇ. ಮೂರನೆಯದನ್ನು ಜೋರಾಗಿ ಬಡಿದರೆ ಹಲಗೆ ಚಟ್ಟನೆ ಬಿರುಕು ಬಿಟ್ಟು ಅದೂ ಹೊರಬಿತ್ತು. ಕಾಕಾ ಹೇಳಿದ್ದು ಒಂದಕ್ಷರವೂ ಸುಳ್ಳಾಗಲಿಲ್ಲ.

ಕಾಕು ಡಬ್ಬಿಯಿಂದ ನೀರು ಎತ್ತಿ ಚೆಲ್ಲುತ್ತಿದ್ದರು. ನೀರು ಅವರ ಮೊಣಕಾಲ ಹತ್ತಿರ ಬಂದಿತ್ತು. ಅಯ್ಯೋ ದೇವರೇ, ಈ ಮುದುಕಿಯನ್ನು ನನ್ನ ಸೋಮಾರಿತನಕ್ಕೆ ಬಲಿ ಕೊಟ್ಟೆನಲ್ಲ ಎಂದುಕೊಂಡೆ. ಅವರಿಗೆ ಮಾತ್ರ ಗಾಬರಿ ಇರಲಿಲ್ಲ.

"ಇನ್ನೊಂದು ಐತಲ್ಲ, ಅದನ್ನ ಬಡಿಯೋ," ಎಂದರು.

ಬಡಿದೆ. ಅದು ತೂತಿಗೆ ಕಚ್ಚಿಕೊಂಡು ಕೂತುಬಿಟ್ಟಿತು. ನಾಲ್ಕಾರು ನಿಮಿಷದಲ್ಲಿ ತೂತಿನಿಂದಾಗಲಿ ಬಿರುಕಿನಿಂದಾಗಲಿ ನೀರಿನ ಹನಿಯೂ ಇಲ್ಲ. ಹೇಗೋ ದಂಡೆಗೆ ಬಂದೆವು.

ದೋಣಿ ಮೇಲೆಳೆದು ಬೂಚನ್ನು ಎಷ್ಟು ಜಗ್ಗಿದರೂ ಬರಲಿಲ್ಲ, ಅಷ್ಟು ಉಬ್ಬಿತ್ತು. ಗರಗಸ ಹಾಕಿ ಕೊಯ್ದೆ. ಒಳಗೆ ಬೆಳ್ಳನೆಯ, ಉಗುರು ಊರುವಷ್ಟು ಮೆತ್ತನೆಯ ಕಟ್ಟಿಗೆ. ಬೂರುಗ! ಹೊರಗೆ ನನ್ನ ಕೆಂಪು ಬಣ್ಣ, ನಾಲ್ಕು ಗೀರು, ಕೊನೆಯ ಗೀರು ಸೊಟ್ಟ. ಯಾರಾದರೂ ಬದಲಿಸಿರಬಹುದೇ? ಕಾಕಾಗೆ ಉಳಿ ಹಿಡಿಯಲು ಕೈಯೇ ಇರಲಿಲ್ಲ. ಆ ಸೊಟ್ಟ ಗೀರನ್ನು ಕೂದಲೆಳೆ ತಪ್ಪದಂತೆ ಹಾಕುವುದು ನನ್ನಿಂದಲೇ ಇನ್ನೊಮ್ಮೆ ಆಗದು.

ತಡೆಯಲಾರದೆ ಕಾಕುವಿನ ಕಾಲು ಹಿಡಿದೆ. "ಕಾಕೂ, ಕಾಕಾಗ ನಾ ಸುಳ್ಳು ಹೇಳಿದ್ದೆ. ಬೂರುಗದ್ದು ಅಂತ ಹೇಳಿ ಸಾಗವಾನಿ ಬೂಚು ಕೊಟ್ಟಿದ್ದೆ."

ಕಾಕು ಸೆರಗು ಹಿಂಡುತ್ತಾ ಹೇಳಿದರು: "ಗೊತ್ತೈತಿ ಏಳೋ. ನೀ ತಂದುಕೊಟ್ಟ ದಿನಾನ ಊಟಕ್ಕ ಕುಂತಾಗ ಅಂದ್ರು. 'ಮೂರು ಸಾಗವಾನಿ ಮಾಡ್ಯಾನ, ಒಂದು ಖರೇನ ಬೂರುಗದ್ದು ಐತಿ. ಒಂದಾದ್ರೂ ಮನಸಿಟ್ಟು ಮಾಡ್ಯಾನಲ್ಲ, ಇರಲಿ, ನಾ ಏನೂ ಅನ್ನೂದಿಲ್ಲ' ಅಂತ."

ಇಲ್ಲ ಕಾಕೂ, ಆ ಒಂದನ್ನೂ ನಾನು ಮಾಡಿರಲಿಲ್ಲ ಎನ್ನಬೇಕಿತ್ತು. ಅವರು ನನ್ನ ತಲೆ ಸವರಿ, ಆಟೋ ಕರೆ ಎಂದರು.

ಇದಾಗಿ ಎಷ್ಟೋ ವರ್ಷಗಳಾದವು. ಕೊಯ್ದ ಆ ಬೂಚು ಇವತ್ತಿಗೂ ನನ್ನ ಅಂಗಡಿಯ ಗೋಡೆಯ ಮಾಡದಲ್ಲಿದೆ. ಕಾಕು ಮಾತ್ರ ಹಬ್ಬ ಬಂತೆಂದರೆ ಸಾಕು, ಹೋಳಿಗೆ ಕಟ್ಟಿ ಕಳಿಸುತ್ತಾರೆ. ಬಂದವರಿಗೆಲ್ಲ ನನ್ನ ಬೂಚು ತಮ್ಮ ಜೀವ ಉಳಿಸಿತೆಂದು ಹೇಳುತ್ತಾರೆ. ನಾನು ತಲೆ ತಗ್ಗಿಸಿ ಹೋಳಿಗೆ ತಿನ್ನುತ್ತೇನೆ. ಒಂದೇ ಮಂಚದ ಕಾಲಿನಿಂದ ನಾಲ್ಕನ್ನೂ ಕೊಯ್ದದ್ದು ಇದೇ ಕೈ.